ಬೂದಿ ಮುಚ್ಚಿದ ಕೆಂಡ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊರಲ್ಲಿ ಯಾರ ಮೇಲಾದರೂ ಒಂದು ಮಾತು ಹುಟ್ಟಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರಬೇಕೆಂದು ಸೂಚಿಸುವುದಕ್ಕೆ ಈ ಗಾದೆಯನ್ನು ಬಳಸುತ್ತೇವೆ. ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೂ ಇದೇ. ದೂರದ ಬೆಟ್ಟದ ಮೇಲೆ ಹೊಗೆ ಕಾಣಿಸಿತು, ಹೊಗೆಯಿದ್ದಲ್ಲಿ ಬೆಂಕಿಯಿರಬೇಕು, ಆದ್ದರಿಂದ ಆ ಬೆಟ್ಟದ ಮೇಲೆ ಬೆಂಕಿಯಿದೆ. ಇದಕ್ಕೆ ದೃಷ್ಟಾಂತ ಯಾವುದೆಂದರೆ ನಮ್ಮ ನಿಮ್ಮ ಮನೆಗಳ ಅಡುಗೆಮನೆ. ಆದರೆ ಹಳೆಯ ತಾರ್ಕಿಕರು ಬಹಳ ಎಚ್ಚರದ ಜನ. ಈ ಮಾತನ್ನು ತಿರುವಿ ಹಾಕಬೇಡಿರಿ ಎಂದು ಅವರು ಶಿಷ್ಯರಿಗೆ ಅಲ್ಲಿಯೇ ಹೇಳಿಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಜವಾದರೂ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎನ್ನುವಂತಿಲ್ಲ. ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡಿರಿ, ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ.

ಇಂದು ನಾನು ಮಾತನಾಡಬೇಕೆಂದಿರುವುದು ಆ ಎರಡನೆಯ ಪಾಠವನ್ನು ಕುರಿತು. ಹೊಗೆಯಿಲ್ಲದ ಬೆಂಕಿಯನ್ನು ಕುರಿತು. ಹೊಗೆಯಿಲ್ಲವಾದ್ದರಿಂದ ಕೇಡೂ ಇಲ್ಲ ಎಂದು ನಂಬಿ ನಾವು ಮನೆಯೊಳಕ್ಕೆ, ಮಲಗುವ ಕೋಣೆಗೆ, ಕೆಲವೊಮ್ಮೆ ಹಸುಗೂಸಿನ ತೊಟ್ಟಿಲ ಬುಡಕ್ಕೂ ತಂದಿಟ್ಟುಕೊಳ್ಳುವ ಕೆಂಡವನ್ನು ಕುರಿತು. ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಕನ್ನಡವನ್ನು ಕಲಿಸಿ ನಿವೃತ್ತನಾದವನು. ಆದರೆ ಈ ವಿಷಯದ ಬಾಗಿಲು ನಮ್ಮ ಭಾಷೆಯಲ್ಲಿಯೇ ಇದೆಯಾದ್ದರಿಂದ ಅಲ್ಲಿಂದಲೇ ಒಳಗೆ ಹೋಗಬಹುದೆಂದು ಧೈರ್ಯ ಮಾಡಿದ್ದೇನೆ.

ವಿಜ್ಞಾನದ ಪುಸ್ತಕಗಳಲ್ಲಿ ಕಾರ್ಬನ್ ಎಂಬ ಮೂಲವಸ್ತುವಿಗೆ ಇಂಗಾಲ ಎಂದು ಹೆಸರು. ಸಂಸ್ಕೃತದಲ್ಲಿ ಅಂಗಾರವೆಂದರೆ ಕೆಂಡ, ಇದ್ದಲು. ಅದು ಪ್ರಾಕೃತದಲ್ಲಿ ಇಂಗಾಲವಾಯಿತು. ಕನ್ನಡದಲ್ಲಿ ಇಂಗಳವಾಗಿ ನಮ್ಮ ಹಳೆಯ ಕಾವ್ಯಗಳಲ್ಲಿ ಉರಿಯುತ್ತಿದೆ. ಕಾರ್ಬನ್ ಎಂಬ ಮಾತಿನ ಮೂಲವೂ ಇದ್ದಲೆಂಬ ಅರ್ಥದ ಲ್ಯಾಟಿನ್ ಶಬ್ದವೇ. ಇಂಗಾಲವು ಸಾಕಷ್ಟು ಗಾಳಿಯಲ್ಲಿ ಪೂರ್ತಿಯಾಗಿ ಉರಿದರೆ ಹುಟ್ಟುವುದು ಇಂಗಾಲದ ಡೈ ಆಕ್ಸೈಡ್. ಹಿಂದಿನ ಪಠ್ಯಪುಸ್ತಕಗಳು ಅದನ್ನು ಇಂಗಾಲಾಮ್ಲವೆಂದು ಕರೆಯುತ್ತಿದ್ದವು. ಗಾಳಿ ಸಾಲದೆ ಅರೆಬರೆ ಉರಿದರೆ ಹುಟ್ಟುವುದು ಇಂಗಾಲದ ಮಾನಾಕ್ಸೈಡ್. ಮೊದಲನೆಯದನ್ನು ನಾವು ಪ್ರತಿ ಉಸಿರಿನಲ್ಲಿಯೂ ಹೊರಕ್ಕೆ ಬಿಡುತ್ತೇವೆ. ಎರಡನೆಯದು ಕೊಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಕೋಪವನ್ನು ಒಳಗೇ ಅದುಮಿಟ್ಟುಕೊಂಡವನನ್ನು ಬೂದಿ ಮುಚ್ಚಿದ ಕೆಂಡವೆನ್ನುವ ನುಡಿಗಟ್ಟು ನಮ್ಮಲ್ಲಿದೆ. ಈ ಅನಿಲದ ಮಟ್ಟಿಗೆ ಆ ನುಡಿಗಟ್ಟು ಉಪಮೆಯಲ್ಲ, ಅಕ್ಷರಶಃ ಸತ್ಯ.

ಹಿರೇಕೆರೂರು ತಾಲೂಕಿನ ಅಬಲೂರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವೂ ಶಿಲ್ಪವೂ ಇರುವ ಸೋಮೇಶ್ವರ ದೇವಾಲಯ ಅಲ್ಲಿದೆ. ಸರ್ವಜ್ಞನ ಹೆಸರಿನೊಡನೆಯೂ ಪರಂಪರೆಯು ಆ ಊರನ್ನು ಜೋಡಿಸಿಕೊಂಡು ಬಂದಿದೆ. ಅವನ ತಾಯಿ ಕುಂಬಾರರ ಮನೆಯ ಹೆಣ್ಣುಮಗಳು ಎನ್ನುತ್ತದೆ ಆ ಪರಂಪರೆ. ಕುಂಬಾರರ ಆವಿಗೆಯನ್ನು ನೋಡಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಗಾಳಿಯಾಡಲು ಬಿಟ್ಟು ಸುಟ್ಟರೆ ಗಡಿಗೆ ಕೆಂಪಾಗುತ್ತದೆ. ಗಾಳಿಯನ್ನು ಕಟ್ಟಿ, ಕಂಡಿಗಳನ್ನು ಮೆತ್ತಿ ಸುಟ್ಟರೆ ಅದೇ ಮಣ್ಣು ಕಪ್ಪಾಗುತ್ತದೆ. ಗಾಳಿ ಸಾಲದ ಆವಿಗೆಯೊಳಗೆ ಹುಟ್ಟಿದ ಮಾನಾಕ್ಸೈಡ್ ಮಣ್ಣಿನ ಕಬ್ಬಿಣದಂಶದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಮಣ್ಣಿನಿಂದ ಕಿತ್ತುಕೊಳ್ಳುವುದು ಮನುಷ್ಯನ ರಕ್ತದಿಂದ ಕಿತ್ತುಕೊಳ್ಳದೆ ಬಿಟ್ಟೀತೆ? ಕುಂಬಾರನು ಈ ಕೆಲಸವನ್ನು ಊರ ಹೊರಗಿನ ಬಯಲಿನಲ್ಲಿ ಮಾಡುತ್ತಾನೆ. ನಾವು ಅದನ್ನೇ, ಅರಿಯದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡುತ್ತೇವೆ.

ಅಬಲೂರಿನ ಸೀಮೆ ಅರೆಮಲೆನಾಡು. ಮುಂಗಾರಿನಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ, ಮಾಗಿಯಲ್ಲಿ ಮೈ ನಡುಗಿಸುವ ಬೆಳಗುಗಳು. ಇಂಥ ಕಾಲದಲ್ಲಿ ಮನೆಗಳಲ್ಲಿ ಶೇಗಡಿ ಒಳಕ್ಕೆ ಬರುತ್ತದೆ. ಗ್ರಂಥಭಾಷೆಯಲ್ಲಿ ಅದನ್ನು ಅಗ್ಗಿಷ್ಟಿಕೆ ಎನ್ನೋಣ. ಬಚ್ಚಲ ಒಲೆಯಲ್ಲಿ ಹಂಡೆಯ ನೀರು ಕಾದ ಮೇಲೆ ಉಳಿದ ನಿಗಿನಿಗಿ ಕೆಂಡವನ್ನು ಶೇಗಡಿಗೆ ತುಂಬಿ, ಹೊಗೆಯೆಲ್ಲ ಹೋದ ಮೇಲೆ ಬಾಣಂತಿಯ ಹೊರಸಿನ ಕೆಳಗೆ ಇಡುವುದು ತಲೆತಲಾಂತರದ ರೂಢಿ. ಅದರ ಮೇಲೆ ಲೋಬಾನವನ್ನೋ ಬೇವಿನ ಸೊಪ್ಪನ್ನೋ ಉದುರಿಸಿ ಕೂಸಿಗೆ ಹೊಗೆ ಕೊಡುವುದೂ ಉಂಟು. ಕದ ತೆರೆಯಹೋದ ಸೊಸೆಯನ್ನು, “ಕೂಸಿಗೆ ಥಂಡಿ ಹತ್ತೀತವ್ವಾ, ಬಾಗಲಾ ತೆರೀಬ್ಯಾಡ” ಎಂದು ಅತ್ತೆ ತಡೆಯುತ್ತಾಳೆ. ಆ ಮಾತಿನಲ್ಲಿ ಇರುವುದು ಬರಿಯ ವಾತ್ಸಲ್ಯ. ಕೇಡು ಇಲ್ಲಿ ವಾತ್ಸಲ್ಯದ ಕೈಹಿಡಿದೇ ಮನೆಯೊಳಕ್ಕೆ ಬರುತ್ತದೆ; ಆದ್ದರಿಂದಲೇ ಅದನ್ನು ತಡೆಯುವುದು ಕಷ್ಟ.

ಕೆಂಡದಲ್ಲಿ ಈ ಅನಿಲ ಹುಟ್ಟುವ ಬಗೆಯನ್ನು ಯಾರು ಬೇಕಾದರೂ ಕಣ್ಣಾರೆ ಕಾಣಬಹುದು. ತುಂಬಿದ ಶೇಗಡಿಯ ತಳದಲ್ಲಿ ಗಾಳಿ ಒಳನುಗ್ಗುವಲ್ಲಿ ಇದ್ದಲು ಚೆನ್ನಾಗಿ ಉರಿದು ಡೈ ಆಕ್ಸೈಡ್ ಆಗುತ್ತದೆ. ಅದು ಮೇಲಕ್ಕೇರುವಾಗ ಕೆಂಪಗೆ ಕಾದ ಇದ್ದಲಿನ ಪದರವನ್ನು ಹಾದುಹೋಗಬೇಕು. ಆ ಕಾದ ಇಂಗಾಲವು ತನ್ನ ಪಾಲಿಗೂ ಆಮ್ಲಜನಕವನ್ನು ಬೇಡುತ್ತದೆ. ಹಂಚಿಕೊಂಡಾಗ ಎರಡೂ ಮಾನಾಕ್ಸೈಡ್ ಆಗಿಬಿಡುತ್ತವೆ. ಕೆಂಡದ ಮೇಲ್ಮೈಯಲ್ಲಿ ಆಗಾಗ ಆಡುವ ತೆಳುವಾದ ನೀಲಿ ನಾಲಗೆಗಳನ್ನು ನೀವು ನೋಡಿರಬಹುದು. ಆ ನೀಲಿ ಉರಿ ಬೇರೇನೂ ಅಲ್ಲ, ಹೊರಬಂದ ಮಾನಾಕ್ಸೈಡ್ ಗಾಳಿಯನ್ನು ಕಂಡು ಹೊತ್ತಿಕೊಳ್ಳುವುದು. ಅದು ಉರಿಯುತ್ತಿರುವಷ್ಟು ಕಾಲ ಅಪಾಯ ಸ್ವಲ್ಪ ಕಡಮೆ. ಕಾವು ಇಳಿದು, ನೀಲಿ ನಾಲಗೆ ಅಡಗಿ, ಮೇಲೆ ಬೂದಿ ಕಟ್ಟಿ, “ಇನ್ನು ಬೆಂಕಿ ತಣ್ಣಗಾಯಿತು, ಹೆದರಿಕೆಯಿಲ್ಲ” ಎಂದು ನಾವು ಹೊದ್ದು ಮಲಗುವ ಹೊತ್ತಿನಲ್ಲಿ ಅನಿಲವು ಉರಿಯದೆ ಹಾಗೆಯೇ ಕೋಣೆಯನ್ನು ತುಂಬತೊಡಗುತ್ತದೆ.

ಇನ್ನು ಅದು ಮೈಯಲ್ಲಿ ಮಾಡುವ ಕೆಲಸ. ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ ಒಂದು ಬಂಡಿಯಿದ್ದಂತೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಏರಿಸಿಕೊಂಡು ಮೈಯ ಮೂಲೆಮೂಲೆಗೆ ಇಳಿಸಿ ಬರುತ್ತದೆ. ಮಾನಾಕ್ಸೈಡ್‌ಗೆ ಈ ಬಂಡಿಯ ಮೇಲಿರುವ ಹಿಡಿತ ಆಮ್ಲಜನಕದ ಹಿಡಿತಕ್ಕಿಂತ ೨೦೦ ಮಡಿಗೂ ಹೆಚ್ಚು. ಒಂದು ಲೆಕ್ಕ ಹೇಳುತ್ತೇನೆ. ಸಾವಿರ ಪಾಲು ಗಾಳಿಯಲ್ಲಿ ಆಮ್ಲಜನಕ ಸುಮಾರು ೨೧೦ ಪಾಲು. ಅದೇ ಗಾಳಿಯಲ್ಲಿ ಮಾನಾಕ್ಸೈಡ್ ಬರಿಯ ಒಂದೇ ಒಂದು ಪಾಲು ಸೇರಿತೆನ್ನಿರಿ. ಅದನ್ನು ಉಸಿರಾಡುತ್ತಿದ್ದರೆ ಕೆಲವು ಗಂಟೆಗಳಲ್ಲಿ ರಕ್ತದ ಬಂಡಿಗಳು ಇಬ್ಬರಿಗೂ ಸರಿಪಾಲಾಗುವ ಮಟ್ಟಕ್ಕೆ ಬರುತ್ತವೆ. ಅರ್ಧ ಅವನಿಗೆ, ಅರ್ಧ ಇವನಿಗೆ. ೨೧೦ ಮಂದಿಯ ಎದುರು ಒಬ್ಬನು ನಿಂತು ಅರ್ಧ ರಾಜ್ಯ ಗೆದ್ದಂತೆ ಇದು. ಉಳಿದ ಅರ್ಧವೂ ಹೊತ್ತ ಆಮ್ಲಜನಕವನ್ನು ಸಲೀಸಾಗಿ ಇಳಿಸಿಕೊಡುವುದಿಲ್ಲ. ಅಷ್ಟು ಹೊತ್ತಿಗೆ ಮನುಷ್ಯನು ಎಚ್ಚರ ತಪ್ಪಿರುತ್ತಾನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ೨೦೦ ಪಾಲಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು. ೮೦೦ ಪಾಲಿದ್ದರೆ ಮುಕ್ಕಾಲು ಗಂಟೆಯೊಳಗೆ ತಲೆಸುತ್ತು, ಓಕರಿಕೆ. ೧,೬೦೦ ಪಾಲಾದರೆ ಒಂದೆರಡು ಗಂಟೆಗಳಲ್ಲಿ ಪ್ರಾಣವೇ ಹೋಗಬಹುದು. ಗರ್ಭದಲ್ಲಿರುವ ಶಿಶುವಿನ ರಕ್ತವು ಇದನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ತಾಯಿ ಚೇತರಿಸಿಕೊಂಡರೂ ಒಳಗಿನ ಕೂಸಿಗೆ ಪೆಟ್ಟು ಬಿದ್ದಿರಬಹುದು.

ಇದು ಬಡವರ ಗುಡಿಸಲಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್, ಇಂದಿನ ಪ್ಯಾರಿಸ್ ಇರುವ ಊರಿನಲ್ಲಿ ಒಂದು ಕಡು ಚಳಿಗಾಲವನ್ನು ಕಳೆದಾಗ, ಕೋಣೆಗೆ ತರಿಸಿದ ಕೆಂಡದಿಂದ ಉಸಿರುಕಟ್ಟಿ ಸಾಯುವಂತಾದದ್ದನ್ನು ತಾನೇ ಬರೆದಿಟ್ಟಿದ್ದಾನೆ. ಅದೇ ಪ್ಯಾರಿಸ್ಸಿನಲ್ಲಿ ೧೯೦೨ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿ, ಸಾಹಿತ್ಯಪ್ರಿಯರೆಲ್ಲ ಬಲ್ಲ ಕಾದಂಬರಿಕಾರ ಎಮಿಲ್ ಜೋಲಾ ತನ್ನ ಮಲಗುವ ಕೋಣೆಯಲ್ಲಿ ಸತ್ತದ್ದು ಇದರಿಂದಲೇ. ಬೆಂಕಿಗೂಡಿನ ಹೊಗೆಕೊಳವೆ ಕಟ್ಟಿಕೊಂಡಿತ್ತು. ನಡುರಾತ್ರಿಯಲ್ಲಿ ಗಂಡ ಹೆಂಡಿರಿಬ್ಬರಿಗೂ ತಲೆನೋವು, ಹೊಟ್ಟೆತೊಳಸು. ಆಳುಗಳನ್ನು ಎಬ್ಬಿಸೋಣವೆಂದು ಹೆಂಡತಿ ಹೇಳಿದಾಗ, ಅಜೀರ್ಣವಿರಬೇಕು, ಬೆಳಗಾದರೆ ಸರಿಹೋಗುತ್ತದೆ ಎಂದು ಜೋಲಾ ಬೇಡವೆಂದನಂತೆ. ಹೆಂಡತಿ ಬದುಕಿಕೊಂಡಳು, ಅವನಿಗೆ ಬೆಳಗಾಗಲಿಲ್ಲ. ಆ ಕೊಳವೆಯನ್ನು ಬೇಕೆಂದೇ ಯಾರೋ ಮುಚ್ಚಿದರೆಂಬ ಸಂಶಯ ಇಂದಿಗೂ ಉಳಿದಿದೆ. ಅದು ಚರಿತ್ರಕಾರರ ವ್ಯವಹಾರ. ನಮಗೆ ಬೇಕಾದದ್ದು, ಅಷ್ಟು ದೊಡ್ಡ ಬುದ್ಧಿವಂತನೂ ಮೊದಲ ಸೂಚನೆಯನ್ನು ಅಜೀರ್ಣವೆಂದು ತಿಳಿದನೆಂಬ ಮಾತು.

ನಮ್ಮ ನಾಡಿನ ನಿದರ್ಶನಗಳಿಗೂ ಕೊರತೆಯಿಲ್ಲ. ೨೦೨೫ನೆಯ ನವೆಂಬರ್ ತಿಂಗಳಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ, ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಬೆಂಕಿಯಿಟ್ಟುಕೊಂಡು ಮಲಗಿದ ನಾಲ್ವರು ತರುಣರಲ್ಲಿ ಮೂವರು ಮೇಲೇಳಲೇ ಇಲ್ಲ. ೨೦೨೩ನೆಯ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಬಾಣಾವರದಲ್ಲಿ ಸ್ನಾನದ ಕೋಣೆಯ ಗ್ಯಾಸ್ ಗೀಸರಿನ ಅನಿಲಕ್ಕೆ ತರುಣ ತರುಣಿಯರಿಬ್ಬರು ಬಲಿಯಾದರು. ಒಂದೆಡೆ ಅನಾದಿಕಾಲದ ಇದ್ದಲು, ಇನ್ನೊಂದೆಡೆ ಈ ಕಾಲದ ಯಂತ್ರ. ಆದರೆ ಕೊಂದದ್ದು ಒಂದೇ. ಹಳೆಯದನ್ನು ಬಿಟ್ಟು ಹೊಸದನ್ನು ತಂದ ಮಾತ್ರಕ್ಕೆ ಪಾರಾದೆವೆನ್ನುವಂತಿಲ್ಲ.

ಇಲ್ಲಿ ನಮ್ಮ ಹಿರಿಯರ ಒಂದು ಜಾಣ್ಮೆಯನ್ನು ನೆನೆಯಬೇಕು. ಅದರ ಮಿತಿಯನ್ನೂ ತಿಳಿಯಬೇಕು. ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗೆ ತೋಡಿದ ಕಣಜವದು. ಮುಚ್ಚಿದ ಹಗೇವಿನೊಳಗೆ ಕಾಳು ತಾನೂ ಉಸಿರಾಡುತ್ತ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲವನ್ನು ತುಂಬುತ್ತದೆ. ಹುಳುಗಳು ಸತ್ತು ಕಾಳು ಕೆಡದೆ ಉಳಿಯುವುದು ಈ ಗುಣದಿಂದಲೇ. ಇಳಿದ ಮನುಷ್ಯನು ಸಾಯುವುದೂ ಅದರಿಂದಲೇ. ಆದ್ದರಿಂದ ಬಲ್ಲವರು ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಉರಿಯುತ್ತಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಗಾಳಿಯ ನೂರು ಪಾಲಿನಲ್ಲಿ ೨೧ ಪಾಲಿರುವ ಆಮ್ಲಜನಕ ಹದಿನಾರು ಹದಿನೇಳಕ್ಕೆ ಇಳಿದರೆ ದೀಪ ಆರುತ್ತದೆ. ದೀಪ ಬದುಕುವಲ್ಲಿ ಮನುಷ್ಯನೂ ಬದುಕುತ್ತಾನೆಂಬುದು ಹಗೇವಿನ ಮಟ್ಟಿಗೆ ಸಾಮಾನ್ಯವಾಗಿ ಸರಿಯಾದ ಲೆಕ್ಕ.

ಆದರೆ ಮಾನಾಕ್ಸೈಡಿನ ಮುಂದೆ ಆ ದೀಪವು ಸುಳ್ಳುಸಾಕ್ಷಿ. ಸಾವಿರಕ್ಕೆ ಒಂದು ಪಾಲಿನಷ್ಟು ಈ ಅನಿಲ ಸೇರಿದ ಗಾಳಿಯಲ್ಲಿ ದೀಪಕ್ಕೆ ಬೇಕಾದ ಆಮ್ಲಜನಕ ಧಾರಾಳವಾಗಿ ಇರುತ್ತದೆ. ದೇವರ ಮುಂದಿನ ನಂದಾದೀಪ ಅಲ್ಲಾಡದೆ ಉರಿಯುತ್ತಿರುತ್ತದೆ. ಅದರ ಬೆಳಕಿನಲ್ಲಿಯೇ ಮಲಗಿದವರ ಉಸಿರು ನಿಂತಿರುತ್ತದೆ. ಮೇಲಾಗಿ ಇಂಗಾಲಾಮ್ಲದಂತೆ ಇದು ತಗ್ಗಿನಲ್ಲಿ ಕೂಡುವುದಿಲ್ಲ. ಗಾಳಿಗಿಂತ ಅತ್ಯಲ್ಪ ಹಗುರವಾದ ಇದು ಕೋಣೆಯ ತುಂಬ ಬೆರೆಯುತ್ತದೆ. ಮಂಚದ ಮೇಲೆ ಮಲಗಿದವನಿಗೂ ನೆಲದ ಮೇಲೆ ಮಲಗಿದವನಿಗೂ ಭೇದವೆಣಿಸುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಸಾವುಗಳನ್ನು ಶೋಧಿಸಿದ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞನು ಎದುರಿಸಿದ್ದು ಇದೇ ತೊಡಕನ್ನು. ಅವನು ತನ್ನ ಮೇಲೆಯೇ ಈ ಅನಿಲವನ್ನು ಪ್ರಯೋಗಿಸಿಕೊಂಡು, ರಕ್ತವನ್ನು ಪರೀಕ್ಷಿಸಿ, ದೀಪವನ್ನು ನಂಬಬೇಡಿರಿ, ಮನುಷ್ಯನಿಗಿಂತ ಬೇಗ ಸೋಲುವ ಸಣ್ಣ ಜೀವಿಯನ್ನು ಜೊತೆಗೆ ಒಯ್ಯಿರಿ ಎಂದು ಹೇಳಿದನು. ಗಣಿಗಳಿಗೆ ಕ್ಯಾನರಿ ಹಕ್ಕಿಯ ಪಂಜರ ಹೋದದ್ದು ಹೀಗೆ. ಬ್ರಿಟನ್ನಿನಲ್ಲಿ ಆ ಹಕ್ಕಿಗಳಿಗೆ ಬಿಡುಗಡೆಯಾದದ್ದು ೧೯೮೬ರಲ್ಲಿ, ಅವುಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡಾಗ. ಈ ಹಾಲ್ಡೇನನ ಮಗ ಜೆ.ಬಿ.ಎಸ್. ಹಾಲ್ಡೇನ್ ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ನಮ್ಮ ದೇಶದ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಹಾಗಾದರೆ ನಮ್ಮ ಅಜ್ಜಿಯರ ಕಾಲದಲ್ಲಿ ಮನೆಮನೆಯಲ್ಲಿ ಶೇಗಡಿಯಿದ್ದರೂ ಎಲ್ಲರೂ ಸಾಯಲಿಲ್ಲವೇಕೆ? ನ್ಯಾಯವಾದ ಪ್ರಶ್ನೆ. ಉತ್ತರ ಮನೆಯ ಕಟ್ಟಡದಲ್ಲಿದೆ. ನಾಡಹಂಚಿನ ಮಾಡು ಸಂದುಸಂದಿನಲ್ಲಿ ಉಸಿರಾಡುತ್ತಿತ್ತು. ಮಣ್ಣಿನ ಮಾಳಿಗೆಯ ಮನೆಗೆ ನೆತ್ತಿಯ ಮೇಲೆ ಬೆಳಕಿಂಡಿಯಿತ್ತು. ಬೆಳಕು ಕೆಳಗಿಳಿಯುವ ದಾರಿಯಲ್ಲಿಯೇ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಕದಕ್ಕೂ ಹೊಸ್ತಿಲಿಗೂ ನಡುವೆ ಬೆರಳು ತೂರುವಷ್ಟು ಕಂಡಿ. ಈಗ ಅಬಲೂರಿನಂಥ ಊರುಗಳಲ್ಲಿಯೂ ಕಾಂಕ್ರೀಟಿನ ತಾರಸಿ, ಗಾಜಿನ ಕಿಟಕಿ, ಬಿಗಿಯಾದ ಬಾಗಿಲು ಬಂದಿವೆ. ಮನೆ ಬದಲಾಯಿತು, ಮನೆಯೊಳಗಿನ ರೂಢಿ ಬದಲಾಗಲಿಲ್ಲ. ಹಳೆಯ ಕಾಲದಲ್ಲಿಯೂ ಎಲ್ಲರೂ ಉಳಿದರೆಂದೇನೂ ಅಲ್ಲ. ಬೆಳಗಾಗುವಷ್ಟರಲ್ಲಿ ತಣ್ಣಗಾದ ಕೂಸಿನ ಸಾವಿಗೆ ದೃಷ್ಟಿಯೆಂದೋ ಬಾಲಗ್ರಹವೆಂದೋ ಹೆಸರಿಟ್ಟರೆ, ಹೊರಸಿನ ಕೆಳಗಿನ ಕೆಂಡವನ್ನು ಯಾರು ವಿಚಾರಿಸುತ್ತಾರೆ?

ಒಲೆಯ ಸುಧಾರಣೆಗಾಗಿ ನಮ್ಮಲ್ಲಿ ಒಳ್ಳೆಯ ಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟಿತು. ೨೦೧೬ರಿಂದ ಉಜ್ವಲಾ ಯೋಜನೆಯು ಬಡ ಕುಟುಂಬಗಳ ಅಡುಗೆಮನೆಗೆ ಗ್ಯಾಸ್ ಸಿಲಿಂಡರನ್ನು ತಂದಿತು. ಆದರೆ ಅಡುಗೆಯ ಒಲೆ ಬದಲಾದರೂ ಬಚ್ಚಲ ಒಲೆ, ಶೇಗಡಿಗಳು ಹಲವು ಮನೆಗಳಲ್ಲಿ ಹಾಗೆಯೇ ಉಳಿದಿವೆ. ಅವುಗಳ ಪಕ್ಕಕ್ಕೆ ಗ್ಯಾಸ್ ಗೀಸರ್, ಜನರೇಟರ್, ಮೋಟಾರು ಕಾರುಗಳು ಹೊಸದಾಗಿ ಬಂದು ಸೇರಿವೆ.

ಈಗ ಮಾಡಬೇಕಾದದ್ದನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲನೆಯದು, ಮಲಗುವ ಕೋಣೆಗೆ ಕೆಂಡ ಬರಲೇಕೂಡದು. ಕಿಟಕಿಯನ್ನು ಒಂದಿಷ್ಟು ತೆರೆದಿದ್ದೇವಲ್ಲ ಎಂಬ ಸಮಾಧಾನವೂ ಸಲ್ಲದು. ಕೆಂಡ ಕಾಯಿಸಿಕೊಳ್ಳುವುದಾದರೆ ಅಂಗಳದಲ್ಲಿ, ಬಯಲಿನಲ್ಲಿ. ಕಾಯಿಸಿಕೊಂಡ ಮೇಲೆ ನೀರು ಸುರಿದು ಪೂರ್ತಿಯಾಗಿ ಆರಿಸಬೇಕು. ಬೂದಿ ಮುಚ್ಚಿ ಒಳಗೆ ತಂದಿಡಬಾರದು. ಬಾಣಂತಿಗೂ ಕೂಸಿಗೂ ಬೆಚ್ಚಗಿರಬೇಕೆಂಬುದು ಸರಿಯಾದ ಮಾತೇ. ಅದಕ್ಕೆ ಕಂಬಳಿಯಿದೆ, ಕೌದಿಯಿದೆ, ಕೂಸಿನ ತಲೆಗೆ ಕುಲಾವಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಎದೆಯಿದೆ. ಬರಿ ಮೈಗೆ ಮೈ ತಾಗಿಸಿ ಮಗುವನ್ನು ಎದೆಗವಚಿಕೊಳ್ಳುವುದೇ ಅತ್ಯುತ್ತಮವಾದ ಶಾಖವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ವಿದ್ಯುತ್ತಿನ ಹೀಟರಿನಲ್ಲಿ ಇಂಗಾಲ ಉರಿಯುವುದಿಲ್ಲವಾದ್ದರಿಂದ ಅದರಿಂದ ಈ ಅನಿಲದ ಭಯವಿಲ್ಲ. ಬಟ್ಟೆಗೆ ತಾಗದಂತೆ ನೋಡಿಕೊಂಡರಾಯಿತು.

ಎರಡನೆಯದು, ಗ್ಯಾಸ್ ಗೀಸರ್. ಇದು ತಾನು ಉರಿಯಲು ಬೇಕಾದ ಗಾಳಿಯನ್ನು ತಾನಿರುವ ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ನಾಲ್ಕಡಿ ಐದಡಿಯ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತರೆ, ಇದ್ದ ಆಮ್ಲಜನಕ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇಳಿದಂತೆಲ್ಲ ಉರಿ ಅರೆಬರೆಯಾಗಿ ಮಾನಾಕ್ಸೈಡ್ ಏರುತ್ತದೆ. ಸ್ನಾನಕ್ಕೆ ಹೋದವರು ಒಳಗೇ ಬಿದ್ದರೆ, ಅಗುಳಿ ಹಾಕಿದ ಬಾಗಿಲ ಹಿಂದೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆದ್ದರಿಂದ ಆ ಯಂತ್ರವು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವೆಡೆಯಲ್ಲಿ ಇರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಕ್ಕೆ ಬರಬೇಕು. ಈಗಾಗಲೇ ಒಳಗೆ ಕೂರಿಸಿದವರು, ಅದನ್ನು ಹೊರಕ್ಕೆ ತೆಗೆಸುವವರೆಗೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಉರಿಯನ್ನು ಆರಿಸಿ, ಗಾಳಿಯಾಡಿದ ಮೇಲೆ ಒಳಗೆ ಹೋಗಲಿ. ಉರಿ ನೀಲಿಯಾಗಿದ್ದರೆ ಲೇಸು. ಹಳದಿಯಾಗಿ, ಮಸಿ ಕಟ್ಟತೊಡಗಿದರೆ ಅದು ಅನಾರೋಗ್ಯದ ಲಕ್ಷಣ. ವರ್ಷಕ್ಕೊಮ್ಮೆ ಬಲ್ಲವರಿಂದ ಶುಚಿ ಮಾಡಿಸಬೇಕು. ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎನ್ನುವವರಿದ್ದಾರೆ. ಆ ವಾಸನೆಯನ್ನು ಉರಿಯದ ಗ್ಯಾಸಿಗೆ ಬೇಕೆಂದೇ ಬೆರೆಸಿರುತ್ತಾರೆ. ಉರಿದ ಮೇಲೆ ಅದೂ ಸುಟ್ಟುಹೋಗುತ್ತದೆ. ಮೂಗು ಇಲ್ಲಿ ಕಾವಲುಗಾರನಲ್ಲ.

ಮೂರನೆಯದು, ಜನರೇಟರನ್ನು ಪಡಸಾಲೆಯಲ್ಲಿ, ಮೆಟ್ಟಿಲ ಕೆಳಗೆ, ಅಂಗಡಿಯ ಒಳಗೆ ಇಡಬಾರದು. ಕಿಟಕಿಯ ಪಕ್ಕದಲ್ಲಿಯೂ ಸಲ್ಲದು. ಎಂಜಿನ್ ಓಡುತ್ತಿರುವ ಕಾರನ್ನು ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸಬಾರದು. ತಂಪಿಗಾಗಿ ಎಂಜಿನ್ ಓಡಿಸಿಟ್ಟು ಗಾಜು ಏರಿಸಿ ಅದರೊಳಗೆ ನಿದ್ದೆ ಮಾಡಬಾರದು. ನಾಲ್ಕನೆಯದು, ಬಚ್ಚಲ ಒಲೆಗೆ ಹೊಗೆಕೊಳವೆಯಿದ್ದರೆ ಮಳೆಗಾಲದ ಮುಂಚೆ ಅದನ್ನು ನೋಡಬೇಕು. ಒಳಗೆ ಮಸಿ ಕಟ್ಟಿದೆಯೋ, ಹಕ್ಕಿ ಗೂಡು ಕಟ್ಟಿದೆಯೋ ತಿಳಿಯದು. ಜೋಲಾನ ಮನೆಯಲ್ಲಿ ಕಟ್ಟಿಕೊಂಡದ್ದು ಅಂಥದೇ ಕೊಳವೆ.

ಐದನೆಯದು, ಕ್ಯಾನರಿ ಹಕ್ಕಿಯ ಕೆಲಸ ಮಾಡುವ ಸಣ್ಣ ಯಂತ್ರ. ಗೋಡೆಗೆ ತೂಗುಹಾಕುವಂಥ ಮಾನಾಕ್ಸೈಡ್ ಅಲಾರಂಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಮನೆಯೊಳಗೆ ಏನನ್ನಾದರೂ ಉರಿಸುವವರು, ಗೀಸರ್ ಉಳ್ಳವರು, ಮಲಗುವ ಕೋಣೆಗಳ ಬಳಿ ಒಂದನ್ನು ಇಟ್ಟುಕೊಳ್ಳುವುದು ವಿವೇಕ. ಕೊಳ್ಳುವಾಗ ಒಂದು ಎಚ್ಚರ ಬೇಕು. ಅಡುಗೆ ಗ್ಯಾಸಿನ ಸೋರಿಕೆಯನ್ನು ಹೇಳುವ ಯಂತ್ರ ಬೇರೆ, ಹೊಗೆಯನ್ನು ಹೇಳುವ ಯಂತ್ರ ಬೇರೆ, ಇದು ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಇದಕ್ಕೂ ಆಯುಸ್ಸುಂಟು, ಡಬ್ಬಿಯ ಮೇಲೆ ಬರೆದ ವರ್ಷ ಮುಗಿದ ಮೇಲೆ ಅದು ಗೋಡೆಯ ಅಲಂಕಾರ ಮಾತ್ರ. ಮತ್ತು ಅಲಾರಂ ಇದೆಯೆಂದು ಕೆಂಡವನ್ನು ಒಳಗೆ ತರುವುದು, ನಾಯಿಯಿದೆಯೆಂದು ಬಾಗಿಲು ತೆರೆದಿಟ್ಟು ಮಲಗಿದಂತೆ.

ಇಷ್ಟಾದರೂ ಕೇಡು ಬಂದೇಬಿಟ್ಟರೆ ಗುರುತಿಸುವುದು ಹೇಗೆ? ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲು ಸೋಲುವುದು, ಮಂಕು ಕವಿಯುವುದು. ಜ್ವರವೊಂದನ್ನು ಬಿಟ್ಟರೆ ನೆಗಡಿ ಜ್ವರದಂತೆಯೇ ಎಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಮ್ಮೆಗೇ ಹೀಗಾದರೆ, ಹೊರಗೆ ಹೋದಾಗ ಕಡಮೆಯಾಗಿ ಒಳಗೆ ಬಂದಾಗ ಹೆಚ್ಚಾದರೆ, ಊಟದ ಮೇಲೆ ತಪ್ಪು ಹೊರಿಸದೆ ಉರಿಯುತ್ತಿರುವುದರ ಕಡೆಗೆ ನೋಡಬೇಕು. ಒಡನೆ ಎಲ್ಲರೂ ಬಯಲಿಗೆ ಬರಬೇಕು. ಬರುವ ದಾರಿಯಲ್ಲಿ ಸಾಧ್ಯವಾದರೆ ಬಾಗಿಲು ಕಿಟಕಿ ತೆರೆದು ಉರಿಯನ್ನು ಆರಿಸಬೇಕು. ಬಿದ್ದವರನ್ನು ಎತ್ತಲು ಒಳಗೆ ಹೋಗುವವನು ತಾನೂ ಬೀಳುವ ಸಂಭವವುಂಟು. ಆದ್ದರಿಂದ ಮೊದಲು ಗಾಳಿಗೆ ದಾರಿ, ಆಮೇಲೆ ಆಳು, ಅದೂ ಒಬ್ಬಂಟಿಯಾಗಿ ಅಲ್ಲ. ೧೦೮ಕ್ಕೆ ಕರೆ ಮಾಡಿ, ಕೆಂಡದ ಅಥವಾ ಗೀಸರಿನ ಗಾಳಿ ಕುಡಿದಿದ್ದಾರೆಂದು ಬಾಯಿಬಿಟ್ಟು ಹೇಳಬೇಕು. ಉಸಿರು ನಿಂತಿದ್ದರೆ ಎದೆಯೊತ್ತುವುದನ್ನು ತಿಳಿದವರು ಅಲ್ಲಿಯೇ ಆರಂಭಿಸಬೇಕು. ಈರುಳ್ಳಿ ಮೂಸಿಸುವುದು, ಲಿಂಬೆಹುಳಿ ಕುಡಿಸುವುದು, ಮುಖಕ್ಕೆ ನೀರೆರಚಿ ಕಾಯುವುದು, ಇವುಗಳಿಂದ ಕಾಲಹರಣವಲ್ಲದೆ ಬೇರೆ ಫಲವಿಲ್ಲ.

ಇದಕ್ಕೆ ಮದ್ದು ಆಮ್ಲಜನಕವೊಂದೇ. ಬರಿಯ ಗಾಳಿಯಲ್ಲಿ ರಕ್ತದೊಳಗಿನ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದಿಂದ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ. ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಕೋವಿಡ್ ಕಾಲದಲ್ಲಿ ಹಲವು ಮನೆಗಳವರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೊಂಡರು. ಈ ವಿಷಯದಲ್ಲಿ ಅದನ್ನು ನಂಬಬಾರದು. ಬಂಡಿಯ ಮೇಲೆ ಕುಳಿತವನು ಆಮ್ಲಜನಕವೋ ಮಾನಾಕ್ಸೈಡೋ ಎಂಬ ಭೇದ ಅದಕ್ಕೆ ತಿಳಿಯದು. ಮನುಷ್ಯನು ಸಾಯುತ್ತಿರುವಾಗಲೂ ಅದು ೯೮ ಎಂದು ತೋರಿಸೀತು. ರಕ್ತಪರೀಕ್ಷೆಯೇ ಪ್ರಮಾಣ. ಎದ್ದು ಕುಳಿತು ಮಾತನಾಡಿದರೆಂದು ಆಸ್ಪತ್ರೆಯನ್ನು ತಪ್ಪಿಸುವುದೂ ಸರಿಯಲ್ಲ. ಕೆಲವರಲ್ಲಿ ಹಲವು ದಿನ, ವಾರಗಳು ಕಳೆದ ಮೇಲೆ ಮರೆವು, ನಡಿಗೆಯ ತಡವರಿಕೆ, ಸ್ವಭಾವದ ಬದಲಾವಣೆ ತಲೆದೋರುವುದುಂಟು.

ಕೇಳುಗರೆ, ಇಷ್ಟನ್ನೆಲ್ಲ ತಿಳಿದವರಿಗೂ ನಿಜವಾದ ಕಷ್ಟ ಬೇರೊಂದಿದೆ. ಈ ತಿಳಿವಳಿಕೆಯನ್ನು ಮನೆಯ ಹಿರಿಯ ಜೀವದ ಮುಂದೆ ಇಡುವುದು ಹೇಗೆ? ಹತ್ತಾರು ಬಾಣಂತನ ಮಾಡಿದ ಕೈಗೆ, ನೀನು ಇಟ್ಟ ಕೆಂಡ ಕೊಲ್ಲುತ್ತದೆ ಎಂದು ಓದಿದ ಸೊಸೆ ಹೇಳಿದರೆ ಆ ಜೀವ ನೊಂದೀತು. ನೊಂದ ಜೀವ ಕೇಳುವುದಿಲ್ಲ. ಕೇಳದೆ ಹೋದರೆ ಪಣಕ್ಕೆ ಬಿದ್ದಿರುವುದು ತೊಟ್ಟಿಲಲ್ಲಿರುವ ಕೂಸು. ನನಗೆ ತೋರುವ ದಾರಿ ಇದು. ಅಜ್ಜಿಗೆ ಹಗೇವಿನ ದೀಪದ ನೆನಪನ್ನು ಮಾಡಿಕೊಡಬೇಕು. ಬಾಯಿ ತೆರೆದೊಡನೆ ಹಗೇವಿಗೆ ಯಾರನ್ನೂ ಇಳಿಸಬಾರದೆಂಬುದನ್ನು ಅವರೇ ನಮಗೆ ಕಲಿಸಿದವರು; ಕಣ್ಣಿಗೆ ಕಾಣದ ಗಾಳಿಯು ಆಳನ್ನು ಕೆಡವುತ್ತದೆಂಬುದನ್ನು ಯಾವ ಪುಸ್ತಕವನ್ನೂ ಓದದೆ ಅವರು 
ಬಲ್ಲರು. ಹಗೇವಿನಲ್ಲಿ ಇದ್ದಂಥದೇ ಒಂದು ಕೆಟ್ಟ ಗಾಳಿ ಕೆಂಡದಲ್ಲಿಯೂ ಹುಟ್ಟುತ್ತದೆ, ಇದು ಆ ದೀಪಕ್ಕೂ ಸಿಕ್ಕದಷ್ಟು ಕಳ್ಳಗಾಳಿ, ಈಗಿನ ಮನೆಗೆ ಬೆಳಕಿಂಡಿಯಿಲ್ಲವಾದ್ದರಿಂದ ಅದಕ್ಕೆ ಹೊರಹೋಗಲು ದಾರಿಯಿಲ್ಲ ಎಂದರೆ ಅವರಿಗೆ ತಿಳಿಯದೆ ಇರದು. ಅವರ ಅನುಭವವನ್ನು ಅಲ್ಲಗಳೆಯದೆ ಅದನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದಂತಾಯಿತು. ತಿಳಿದ ಮೇಲೆ ಶೇಗಡಿಯನ್ನು ಅಂಗಳಕ್ಕೆ ಸಾಗಿಸುವವರು ಅವರೇ; ಓಣಿಯ ಉಳಿದ ಬಾಣಂತಿಯರ ಮನೆಗಳಿಗೆ ಹೋಗಿ ಹೇಳುವವರೂ ಅವರೇ. ಆ ಮಾತಿಗೆ ಇರುವ ಬೆಲೆ ನನ್ನಂಥವನ ಭಾಷಣಕ್ಕಿಲ್ಲ.

ಮಾಗಿಯ ಚಳಿ ಮೊದಲಾಗುವ ಮುನ್ನ, ಮಳೆಯ ಜಡಿ ಹಿಡಿಯುವ ಮುನ್ನ, ಒಂದು ಸಂಜೆ ನಿಮ್ಮ ಮನೆಯನ್ನು ಒಮ್ಮೆ ಸುತ್ತಿ ನೋಡಿರಿ. ಎಲ್ಲೆಲ್ಲಿ ಏನೇನು ಉರಿಯುತ್ತದೆ, ಉರಿದದ್ದು ಯಾವ ದಾರಿಯಿಂದ ಹೊರಕ್ಕೆ ಹೋಗುತ್ತದೆ ಎಂದು ಕೇಳಿಕೊಳ್ಳಿರಿ. ಎರಡನೆಯ ಪ್ರಶ್ನೆಗೆ ಉತ್ತರ ದೊರೆಯದ ಕಡೆ ಆ ರಾತ್ರಿಯೇ ಉರಿಯನ್ನು ನಿಲ್ಲಿಸಿರಿ.

(ಆಕಾಶವಾಣಿಯ ಕೃಪೆಯಿಂದ)